ಸತ್ತ ಮರದ ಕಿತ್ತಳೆ

ಮೊದಲ ಸಲ ಅದು ಬಂದದ್ದು ರೈಲು ಹಳಿಯ ಹತ್ತಿರ.

ಎರ್ಲಿಂದಾ ಸಲಿನಾಸ್ ಹತ್ತೊಂಬತ್ತು ವರ್ಷದಿಂದ ಪಾಲ್ಮಾ ಸೆಕಾದ ಶಾಲಾ ಬಸ್ಸು ಓಡಿಸುತ್ತಿದ್ದವಳು. ಹಳಿ ದಾಟುವ ಮುನ್ನ ಬಸ್ಸು ನಿಲ್ಲಿಸಬೇಕು, ಬಾಗಿಲು ತೆಗೆಯಬೇಕು, ಮಕ್ಕಳ ಗಲಾಟೆ ಅಡಗಿಸಿ ಎರಡೂ ಕಡೆಗೆ ಕಿವಿಗೊಡಬೇಕು. ಅದು ನಿಯಮ. ಜನವರಿಯ ಎರಡನೆಯ ಮಂಗಳವಾರವೂ ಅವಳು ನಿಲ್ಲಿಸಿದಳು, ಬಾಗಿಲು ತೆಗೆದಳು, ಕನ್ನಡಿಯಲ್ಲಿ ನೋಡುತ್ತ "ಶ್..." ಎಂದಳು. ಮೂವತ್ತೊಂದು ಮಕ್ಕಳೂ ಸುಮ್ಮನಾದವು. ಅವಳ ಕಿವಿಯೊಳಗೆ ಮಾತ್ರ ಯಾರೋ ಕಾಲುವೆಯ ತೂಬು ಎತ್ತಿದಂತೆ ನೀರಿನ ಭೋರ್ಗರೆತ ಶುರುವಾಯಿತು. ಮುಖ ಬಿಸಿಯೇರಿತು. ಎದುರಿನ ಹಳಿ, ಹಳಿಯಾಚೆಯ ಕಬ್ಬಿನ ಗದ್ದೆ, ಎಲ್ಲವೂ ಅಂಚಿನಿಂದ ಬೆಳ್ಳಗಾಗುತ್ತ ಬಂದು ನಡುವೆ ಒಂದು ಬಟ್ಟಲಿನಷ್ಟು ಜಾಗ ಮಾತ್ರ ಕಾಣುತ್ತಿತ್ತು.

"ಮಿಸ್ ಲಿಂಡಾ, ರೈಲು ಬರ್ತಿಲ್ಲ. ಹೋಗೋಣ್ವಾ?" ಹಿಂದಿನ ಸೀಟಿನಿಂದ ಯಾರೆತ್ಸಿ ಕೇಳಿದಳು. ಏಳು ವರ್ಷದ ಹುಡುಗಿ. ಡ್ರೈವರಿನ ಬೆನ್ನ ಹಿಂದಿನ ಸೀಟು ತನ್ನದೇ ಎಂದು ಮೊದಲ ದಿನವೇ ಹಿಡಿದುಕೊಂಡವಳು, ಶಾಲೆ ಬರುವವರೆಗೆ ಬಾಯಿ ಮುಚ್ಚದವಳು.

"ಇರಮ್ಮ, ಇನ್ನೊಂದ್ಸಲ ಕೇಳಿಸ್ಕೊಳ್ತೀನಿ," ಎಂದಳು ಎರ್ಲಿಂದಾ. ಅವಳು ಕೇಳಿಸಿಕೊಳ್ಳುತ್ತಿದ್ದದ್ದು ತನ್ನದೇ ಎದೆಯನ್ನು. ಹಿಂದೆ ನಿಂತಿದ್ದ ಲಾರಿಯವನು ಹಾರನ್ ಹೊಡೆದ. ಒಂದು ನಿಮಿಷವೋ ಎರಡು ನಿಮಿಷವೋ, ಬಿಳುಪು ಹಿಂದೆ ಸರಿಯಿತು. ಅವಳು ಹಳಿ ದಾಟಿದಳು. ಶಾಲೆಯಲ್ಲಿ ಮಕ್ಕಳನ್ನಿಳಿಸಿ, ಬಸ್ಸನ್ನು ಅಂಗಳಕ್ಕೆ ತಂದು ನಿಲ್ಲಿಸಿದ ಮೇಲೆ ನೋಡಿದರೆ ಅಂಗಿಯ ಬೆನ್ನು ಪೂರ್ತಿ ತೊಯ್ದಿತ್ತು.

ಯಾರಿಗೂ ಹೇಳಲಿಲ್ಲ. ಹೇಳದಿರುವುದಕ್ಕೆ ಅವಳಿಗೊಂದು ಕಾರಣವಿತ್ತು, ಅದರ ಹೆಸರು ಉಬಾಲ್ದೊ. ಅವಳ ಅಣ್ಣ. ಹಣ್ಣು ತುಂಬುವ ಶೆಡ್ಡಿನಲ್ಲಿ ಕೆಲಸ. ಐವತ್ತನಾಲ್ಕನೆಯ ವಯಸ್ಸಿನಲ್ಲಿ ಒಂದು ಬೆಳಿಗ್ಗೆ, "ಯಾಕೋ ತಲೆ ತಿರುಗ್ತಿದೆ ಕಣ್ರೋ," ಎಂದು ಮರದ ಪೆಟ್ಟಿಗೆಯ ಮೇಲೆ ಕೂತವನು ಕೂತಲ್ಲೇ ಹೋಗಿಬಿಟ್ಟಿದ್ದ. ಎರ್ಲಿಂದಾಗೆ ಈಗ ಐವತ್ತೆಂಟು. ಅಣ್ಣನಿಗಿಂತ ನಾಲ್ಕು ವರ್ಷ ಹೆಚ್ಚು ಬದುಕಿದ್ದನ್ನೇ ಅವಳು ಕದ್ದು ತಂದ ವಸ್ತುವಿನಂತೆ ಇಟ್ಟುಕೊಂಡಿದ್ದಳು. ಡಾಕ್ಟರ ಹತ್ತಿರ ಹೋದರೆ ಅವರು ಅದಕ್ಕೊಂದು ಹೆಸರು ಹೇಳುತ್ತಾರೆ. ಹೆಸರು ಹೇಳಿದ ಮೇಲೆ ಅದು ನಿಜವಾಗುತ್ತದೆ.

ಎರಡನೆಯ ಸಲ ಬಂದದ್ದು ಒಂದು ವಾರದ ಮೇಲೆ, ಬಸ್ಸಿನ ಮೆಟ್ಟಿಲಿಳಿಯುವಾಗ. ಮಕ್ಕಳು ಇಳಿದಾಗಿತ್ತು. ಕಾಲು ನೆಲಕ್ಕೆ ತಗಲುವ ಮೊದಲೇ ನೆಲ ಪಕ್ಕಕ್ಕೆ ಸರಿಯಿತು. ಬಾಗಿಲ ಸರಳು ಹಿಡಿದು ನೇತಾಡಿದಳು. ಸಾರಿಗೆ ನೋಡಿಕೊಳ್ಳುವ ಲೊಂಗೋರಿಯಾ ದೂರದಿಂದ ನೋಡಿ ನಕ್ಕ. "ಏನು ಎರ್ಲಿಂದಾ, ಬೆಳ್‌ಬೆಳಿಗ್ಗೇನೇ ಏರಿಸ್ಕೊಂಡು ಹಬ್ಬಾನಾ?"

"ಹಬ್ಬ ನಿಮ್ದು ಸಾರ್. ನಮ್ಗೆ ಚಪ್ಪಲಿ ಜಾರೋದೊಂದೇ ಭಾಗ್ಯ," ಎಂದಳು. ಅವನು ಇನ್ನಷ್ಟು ನಕ್ಕ. ಅಷ್ಟು ಸಲೀಸಾಗಿ ಸುಳ್ಳು ಬಂದದ್ದು ಅವಳಿಗೇ ಹೆದರಿಕೆ ಹುಟ್ಟಿಸಿತು.

ಅವತ್ತು ಮನೆಗೆ ಬಂದು ಗಂಡನಿಗೆ ಅರ್ಧ ಹೇಳಿದಳು. ಅನ್ಸೆಲ್ಮೊ ನಲವತ್ತು ವರ್ಷ ಕಾಲುವೆಗಳಲ್ಲಿ ತೋಟಗಳಿಗೆ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದವನು. ಈಗ ಬೆಳಿಗ್ಗೆ ಐದಕ್ಕೇ ಎದ್ದು ಹೆಂಡತಿಗೆ ಟೋರ್ಟಿಯಾ ರೊಟ್ಟಿ ಬಿಸಿಮಾಡಿ, ಮೊಟ್ಟೆ ಹುರಿದು, ಅವಳ ರಕ್ತದೊತ್ತಡದ ಮಾತ್ರೆಯನ್ನು ತಟ್ಟೆಯ ಪಕ್ಕದಲ್ಲಿಡುವುದು ಅವನ ದಿನದ ಮೊದಲ ಕೆಲಸ.

"ಏನಿಲ್ಲ ಮುದುಕಾ. ಸ್ವಲ್ಪ ನರ ಸೋತಂಗಾಗುತ್ತೆ, ಅಷ್ಟೇ," ಎಂದಳು.

"ನರಾನಾ? ನಮ್ಮಮ್ಮ ಇದ್ದಿದ್ರೆ ಏನ್ ಹೇಳ್ತಿದ್ಲು ಗೊತ್ತಾ? ಹುಳಿ ಕಿತ್ತಳೆ ಅಂತಿದ್ಲು. ನರಕ್ಕೆ, ರಕ್ತಕ್ಕೆ, ಸಿಟ್ಟಿಗೆ, ಎಲ್ಲಕ್ಕೂ ಅದೇ. ನಾಳೆಯಿಂದ ಒಂದು ಲೋಟ ಅಲ್ಲ, ಎರಡು."

"ಒಂದಕ್ಕೇ ಹಲ್ಲು ಜುಮ್ ಅನ್ನುತ್ತಪ್ಪ."

"ಸಕ್ಕರೆ ಜಾಸ್ತಿ ಹಾಕ್ತೀನಿ. ಸುಮ್ನೆ ಕುಡಿ ಮುದುಕಿ."

ಆ ಕಿತ್ತಳೆಯ ಮೇಲೆ ಅವನಿಗೆ ವಿಶೇಷ ಹೆಮ್ಮೆ. ಹಿತ್ತಲಲ್ಲಿ ಮೊದಲು ಇದ್ದದ್ದು ಕೆಂಪು ತಿರುಳಿನ ಗ್ರೇಪ್‌ಫ್ರೂಟ್ ಮರ, ಚಕ್ಕೋತದ ತಮ್ಮನಂಥ ಹಣ್ಣಿನದು. ದೇಶದ ಗಡಿಯಂಚಿನ ಈ ಕಣಿವೆಯಲ್ಲಿ ಅದಿಲ್ಲದ ಹಿತ್ತಲೇ ಇಲ್ಲ. ಆರು ವರ್ಷದ ಹಿಂದೆ ಎರ್ಲಿಂದಾಗೆ ಈ ಮಾತ್ರೆ ಬರೆದುಕೊಟ್ಟಾಗ, ಶೀಶೆಯ ಮೇಲಿನ ಚೀಟಿಯಲ್ಲಿ ಗ್ರೇಪ್‌ಫ್ರೂಟ್ ತಿನ್ನಬಾರದು ಎಂದಿತ್ತು. ಅನ್ಸೆಲ್ಮೊ ಅದನ್ನು ದೇವರ ಮಾತಿನಂತೆ ಪಾಲಿಸಿದ. ಮನೆಯೊಳಕ್ಕೆ ಒಂದು ಹಣ್ಣೂ ಬರಲಿಲ್ಲ, ಎಲ್ಲ ಇಗರ್ಜಿಗೆ ಹೋಯಿತು. ಆಮೇಲೆ ಒಂದು ಫೆಬ್ರವರಿಯಲ್ಲಿ ಯಾರೂ ಕಂಡಿರದ ಹಿಮ ಬಿತ್ತು. ಕಣಿವೆಯ ಮರಗಳು ಚಳಿಗೆ ನಿಂತಲ್ಲೇ ಸುಟ್ಟುಹೋದವು. ಹಿತ್ತಲ ಮರವೂ ಕಸಿ ಕಟ್ಟಿದ ಗಂಟಿನವರೆಗೆ ಒಣಗಿತು. ಅನ್ಸೆಲ್ಮೊ ಅದನ್ನು ಗಂಟಿನ ಮೇಲೆ ಕತ್ತರಿಸಿ ಬಿಟ್ಟಿದ್ದ, ಬುಡ ಕೀಳಲು ಮನಸ್ಸಾಗಿರಲಿಲ್ಲ. ಆ ಬುಡ ಬೇರೆಯೇ ಜಾತಿ, ಹುಳಿ ಕಿತ್ತಳೆ. ಇಲ್ಲಿ ಎಲ್ಲರೂ ಅದರ ಮೇಲೇ ಕಸಿ ಕಟ್ಟುವುದು. ಬೇಸಿಗೆಯ ಹೊತ್ತಿಗೆ ಬುಡದಿಂದ ಮುಳ್ಳು ತುಂಬಿದ ಚಿಗುರೆದ್ದಿತು. ನಾಲ್ಕನೆಯ ಚಳಿಗಾಲಕ್ಕೆ, ಅಂದರೆ ಈ ಡಿಸೆಂಬರಿಗೆ, ಕೊಂಬೆ ಬಾಗುವಷ್ಟು ಹಣ್ಣು.

"ನೋಡಿದ್ಯಾ? ಗ್ರೇಪ್‌ಫ್ರೂಟ್ ಹೋಯ್ತು, ಕಿತ್ತಳೆ ಬಂತು. ನಿನ್ ಸಲುವಾಗಿ ಮರಾನೇ ಜಾತಿ ಬದ್ಲಾಯಿಸ್ಕೊಂಡಿದೆ," ಎಂದು ಕ್ರಿಸ್‌ಮಸ್ ದಿನ ಅವಳಿಗೆ ಮೊದಲ ಲೋಟ ಕೊಟ್ಟಿದ್ದ. ಚೀಲ ಚೀಲ ಹಣ್ಣು ಬೀದಿಯವರಿಗೂ ಹಂಚಿದ್ದ.

ಅವನ ಪ್ರೀತಿಗೆ ಇಲ್ಲವೆನ್ನಲಾರದೆ ಎರ್ಲಿಂದಾ ಬೆಳಿಗ್ಗೆ ಐದೂಕಾಲಿಗೆ ಎರಡು ಲೋಟ ಕುಡಿದು ಮಾತ್ರೆ ನುಂಗತೊಡಗಿದಳು.

ಮೂರನೆಯ ಸಲ ಬಂದದ್ದು ಗುರುವಾರ, ಕಾಲುವೆ ರಸ್ತೆಯಲ್ಲಿ.

ಮಂಜು ದಟ್ಟವಾಗಿತ್ತು. ಆ ರಸ್ತೆ ಎರಡು ಮೈಲು ಕಾಲುವೆಯ ಏರಿಯ ಮೇಲೆಯೇ ಹೋಗುತ್ತದೆ. ಬಲಕ್ಕೆ ರಸ್ತೆಯಂಚಿನ ಬಿಳಿ ಗೆರೆ, ಗೆರೆಯಾಚೆ ಹುಲ್ಲು, ಹುಲ್ಲಿನಾಚೆ ಇಳಿಜಾರು, ಕೆಳಗೆ ಎರಡಾಳು ನೀರು. ತಡೆಗಂಬಿಯಿಲ್ಲ. ಯಾರೆತ್ಸಿ ಕಿಟಕಿಗೆ ಮೂಗೊತ್ತಿ ಬೆಳ್ಳಕ್ಕಿ ಎಣಿಸುತ್ತಿದ್ದಳು. "ಹನ್ನೊಂದು... ಮಿಸ್ ಲಿಂಡಾ, ನಿಂತಿರೋ ಕಂಬಾನೂ ಬೆಳ್ಳಕ್ಕಿ ಥರಾನೇ ಕಾಣುತ್ತೆ, ಅದನ್ನ ಎಣಿಸ್ಬೋದಾ?"

ಎರ್ಲಿಂದಾ ಕನ್ನಡಿಯತ್ತ ಕಣ್ಣೆತ್ತಿದಳು. ಮತ್ತೆ ಆ ಬಿಸಿ, ಕತ್ತಿನಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ. ಮತ್ತೆ ಆ ನೀರಿನ ಸದ್ದು. ಹೊರಗಿನ ಮಂಜು ಯಾವುದು, ಕಣ್ಣೊಳಗಿನ ಬಿಳುಪು ಯಾವುದು ಎಂದು ತಿಳಿಯದಾಯಿತು. ಸ್ಟೇರಿಂಗ್ ತನ್ನ ಕೈಯಲ್ಲೇ ಇದೆಯೆಂದು ಗೊತ್ತಿತ್ತು, ಆದರೆ ಕೈಗಳು ಬಲು ದೂರದಲ್ಲಿ, ಇನ್ಯಾರದೋ ತೋಳಿನ ತುದಿಯಲ್ಲಿದ್ದವು. ಬ್ರೇಕು ಒತ್ತಬೇಕು. ಯಾವ ಕಾಲು? ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಅವಳು ಎಲ್ಲಿಗೋ ಹೋಗಿಬಿಟ್ಟಳು.

"ಮಿಸ್ ಲಿಂಡಾ! ಬಿಳಿ ಗೆರೆ ನಮ್ ಕೆಳಗೆ ಬಂತು! ಗೆರೆ ಕೆಳಗೆ ಬಂತು!"

ಆ ಚೂಪು ದನಿ ಅವಳನ್ನು ಕೂದಲು ಹಿಡಿದು ಎಳೆದಂತೆ ಈಚೆಗೆ ತಂದಿತು. ಎರಡೂ ಕಾಲಿನಿಂದ ಬ್ರೇಕು ಮೆಟ್ಟಿದಳು. ಬಸ್ಸು ಕಿರುಚಿತು, ಪುಸ್ತಕದ ಚೀಲಗಳು ಮುಂದಕ್ಕೆ ಹಾರಿದವು, ಟೈರಿನ ಕೆಳಗೆ ಹುಲ್ಲು ಉಜ್ಜಿದ ಸದ್ದಾಯಿತು. ನಿಂತಿತು. ಕೈಬ್ರೇಕು ಎಳೆದಳು. ಕೀಲಿ ತಿರುಗಿಸಿ ಕಿತ್ತಳು. ಬೆದರಿದ ಪ್ರಾಣಿಯನ್ನು ಹಿಡಿದಂತೆ ಆ ಕೀಲಿಯನ್ನು ಮುಷ್ಟಿಯಲ್ಲಿ ಅದುಮಿಕೊಂಡು ಬಲಗಡೆಯ ಕನ್ನಡಿ ನೋಡಿದಳು. ಮಂಜಿನ ಕೆಳಗೆ ನೀರು ಕಾಣುತ್ತಿತ್ತು. ಕಾಣಬಾರದಿತ್ತು. ಅಷ್ಟು ಹತ್ತಿರದಿಂದ ಕಾಣಬಾರದಿತ್ತು.

ಯಾರೂ ಅಳಲಿಲ್ಲ. ತಾನು ಶ್ ಎನ್ನದೆಯೇ ಮೂವತ್ತೊಂದು ಮಕ್ಕಳ ಬಸ್ಸು ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ಹತ್ತೊಂಬತ್ತು ವರ್ಷದಲ್ಲಿ ಅವಳು ಕಂಡಿರಲಿಲ್ಲ.

ರೇಡಿಯೊ ಎತ್ತಿದಳು. "ಲೊಂಗೋರಿಯಾ ಸಾರ್, ಹದಿನಾಲ್ಕನೇ ಬಸ್ಸು. ಕಾಲುವೆ ರಸ್ತೇಲಿ ನಿಂತಿದ್ದೀನಿ. ಇನ್ನೊಬ್ಬ ಡ್ರೈವರನ್ನ ಕಳ್ಸಿ."

"ಏನಾಯ್ತು? ಟೈರಾ?"

"ಟೈರಲ್ಲ. ನಾನು. ನನ್ ಕೈಲಿ ಓಡ್ಸೋಕಾಗಲ್ಲ."

ಕಾಯುವಷ್ಟು ಹೊತ್ತು ತಲೆಯನ್ನು ಮಂಡಿಗಳ ನಡುವೆ ಇಟ್ಟುಕೊಂಡು ಕೂತಳು. ಯಾರೆತ್ಸಿ ಸೀಟಿನ ಸಂದಿಯಿಂದ ಕೈ ತೂರಿಸಿ ಅವಳ ಬೆನ್ನ ಮೇಲೆ ಇಟ್ಟಿದ್ದಳು. ಪುಟ್ಟ, ಬೆಚ್ಚನೆಯ, ಸಕ್ಕರೆ ಅಂಟಿದ ಕೈ. ಆ ಕೈಯ ಭಾರ ತಡೆಯಲಾರದೆ ಎರ್ಲಿಂದಾ ಮುಖವನ್ನು ಮಂಡಿಗಳಿಗೆ ಇನ್ನಷ್ಟು ಒತ್ತಿಕೊಂಡಳು.

ಆಸ್ಪತ್ರೆಯಲ್ಲಿ ಒತ್ತಡ ಎಂಬತ್ತೆರಡು–ನಲವತ್ತೆಂಟು ಇತ್ತು. ಸಲೈನು ಹಾಕಿದ ಮೇಲೆ ನೂರು ದಾಟಿತು. ಎದೆಗೆ ತಂತಿ ಅಂಟಿಸಿ ತೆಗೆದ ಗೆರೆಗಳಲ್ಲಿ ಏನೂ ಸಿಗಲಿಲ್ಲ. ರಕ್ತದಲ್ಲೂ ಸಿಗಲಿಲ್ಲ. ಏನೂ ಸಿಗದಿರುವುದೇ ಅವಳನ್ನು ಇನ್ನಷ್ಟು ಹೆದರಿಸಿತು. ಉಬಾಲ್ದೊ ಸಾಯುವ ಮುಂಚಿನ ತಪಾಸಣೆಯಲ್ಲೂ ಏನೂ ಸಿಕ್ಕಿರಲಿಲ್ಲ. ಡ್ಯೂಟಿ ಡಾಕ್ಟರು ಎಳೆಯ ವಯಸ್ಸಿನವರು. ಎರಡು ವಾರ ಎದೆಗೊಂದು ಯಂತ್ರ ಕಟ್ಟಿಕೊಂಡಿರಬೇಕು, ಅಲ್ಲಿಯವರೆಗೆ ಯಾವ ವಾಹನವನ್ನೂ ಓಡಿಸಬಾರದು ಎಂದರು. ಯಂತ್ರ ಸೋಮವಾರ ಬರುತ್ತದಂತೆ.

"ಹಿಂದೆ ಯಾವಾಗ್ಲಾದ್ರೂ ಹೀಗೆ ಆಗಿತ್ತಾ?" ಎಂದು ಕೇಳಿದರು.

ಲೊಂಗೋರಿಯಾ ಮಂಚದ ಪಕ್ಕದಲ್ಲೇ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಬೆಳಗಿನಿಂದ ಅವಳಿಗಿಂತ ಅವನೇ ಬೆಳ್ಳಗಾಗಿದ್ದ.

"ಇಲ್ಲ," ಎಂದಳು ಎರ್ಲಿಂದಾ. "ಇದೇ ಮೊದಲು."

ಶುಕ್ರವಾರ ಅವಳು ಹಾಸಿಗೆಯಲ್ಲಿ ದಿಂಬಿಗೊರಗಿ ಕೂತೇ ಕಳೆದಳು. ಮಲಗಿದರೆ ಏಳುವುದಿಲ್ಲವೇನೋ ಎಂಬ ದಿಗಿಲು. ಅನ್ಸೆಲ್ಮೊ ಬಾಗಿಲಲ್ಲಿ ಬಂದು ಬಂದು ನೋಡುತ್ತಿದ್ದ. ಕೋಳಿ ಸಾರು ಮಾಡಿದ. ಎರಡು ಲೋಟ ರಸ ಮೂರಾಯಿತು. ಅವನಿಗೆ ಗೊತ್ತಿದ್ದ ಔಷಧ ಅದೊಂದೇ, ಪಾಪ.

ಮಧ್ಯಾಹ್ನ ನೀರು ಕುಡಿಯಲೆಂದು ಅಡುಗೆಮನೆಗೆ ಹೋದವಳಿಗೆ ನಲ್ಲಿ ತಿರುಗಿಸಿದ್ದು ಮಾತ್ರ ನೆನಪು. ಕಣ್ಣು ಬಿಟ್ಟಾಗ ಕೆನ್ನೆಯ ಕೆಳಗೆ ತಣ್ಣನೆಯ ನೆಲ, ಮೇಲೆ ಅನ್ಸೆಲ್ಮೊನ ತಲೆಕೆಳಗಾದ ಮುಖ. ಅವನ ತುಟಿ ಅಲುಗುತ್ತಿತ್ತು, ಮಾತು ತಡವಾಗಿ ಕೇಳಿಸಿತು.

"ಲಿಂಡಾ! ಏಯ್ ಲಿಂಡಾ! ಬೇಡ ಕಣೇ, ಹೀಗೆಲ್ಲ ಮಾಡ್ಬೇಡ!"

"ಕೇಳಿಲ್ಲಿ," ಎಂದಳು ಅವಳು, ನೆಲದ ಮೇಲಿಂದಲೇ. "ಮಣ್ಣು ಮಾಡೋವಾಗ ನೀಲಿ ಬಟ್ಟೆ ಹಾಕ್ಸು ನಂಗೆ. ಕಂದು ಬೇಡ. ಕಂದು ಬಟ್ಟೇಲಿ ನಾನು ನಿಮ್ಮಕ್ಕನ ಥರ ಕಾಣ್ತೀನಿ."

"ಬಾಯ್ಮುಚ್ಚು. ಯಾವ ಬಟ್ಟೇನೂ ಇಲ್ಲ, ಏನೂ ಇಲ್ಲ." ಅವನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳುತ್ತಿದ್ದ. ಮೂವತ್ತಾರು ವರ್ಷದ ಸಂಸಾರದಲ್ಲಿ ಅವನು ಅತ್ತದ್ದನ್ನು ಅವಳು ನೋಡಿದ್ದು ಎರಡೇ ಸಲ.

ಅವನು ಆಂಬುಲೆನ್ಸ್ ಎಂದ. ಅವಳು ಬೇಡವೆಂದಳು. ಅಂತೂ ಶನಿವಾರ ಬೆಳಿಗ್ಗೆ ಮಾತ್ರೆ ತೀರಿದೆಯೆಂಬ ನೆವದಲ್ಲಿ ಔಷಧಿ ಅಂಗಡಿಗೆ ಹೋಗಲು ಒಪ್ಪಿದಳು. ಅನ್ಸೆಲ್ಮೊ ಹಳೆಯ ಪಿಕಪ್ಪನ್ನು ಎತ್ತಿನಗಾಡಿಯ ವೇಗದಲ್ಲಿ ಓಡಿಸಿದ.

ಅಂಗಡಿಯ ಮರಿಬೆಲ್ ಒಲಿವಾರೆಸ್ ಇದೇ ಊರವಳು, ಹಣ್ಣಿನ ತೋಟಗಳಲ್ಲಿ ಕಸಿ ಕಟ್ಟುತ್ತಿದ್ದ ಕೂಲಿಯ ಮಗಳು. ಓದಿ ಫಾರ್ಮಸಿಸ್ಟ್ ಆದವಳು, ಹಿರಿಯರನ್ನು ಇಲ್ಲಿಯ ಮರ್ಯಾದೆಯಂತೆ ದೋನ್, ದೋನ್ಯಾ ಎಂದೇ ಕರೆಯುವವಳು. ಮಾತ್ರೆ ಎಣಿಸುವ ಮೊದಲು ಎದುರಿಗಿದ್ದವರ ಮುಖ ನೋಡುವ ಅಭ್ಯಾಸ ಅವಳಿಗೆ. ನೋಡಿದಳು.

"ದೋನ್ಯಾ ಎರ್ಲಿಂದಾ, ಮುಖ ಯಾಕೆ ಇಷ್ಟು ಕೆಂಪಗಿದೆ? ಕಾಲು ತೋರ್ಸಿ. ಅಯ್ಯೋ, ಪಾದ ಹೀಗೆ ಊದಿದೆಯಲ್ಲ, ಎಷ್ಟು ದಿನ ಆಯ್ತು?"

"ಚಪ್ಪಲಿ ಬಿಗಿ," ಎಂದಳು ಎರ್ಲಿಂದಾ.

"ಚಪ್ಪಲಿಯೂ ಅಲ್ಲ, ಗಿಪ್ಪಲಿಯೂ ಅಲ್ಲ," ಎಂದು ಅನ್ಸೆಲ್ಮೊ ನಡುವೆ ಬಾಯಿ ಹಾಕಿದ. "ನಿನ್ನೆ ಬಿದ್ಲು. ಮೊನ್ನೆ ಬಸ್ಸಲ್ಲಿ. ಹೇಳಮ್ಮ ನೀನಾದ್ರೂ, ಇವ್ಳಿಗೇನಾಗಿದೆ?"

ಮರಿಬೆಲ್ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಒತ್ತಡ ಅಳೆದಳು. ಎಂಬತ್ತಾರು. ಕಂಪ್ಯೂಟರಿನಲ್ಲಿ ಆರು ವರ್ಷದ ಪಟ್ಟಿ ನೋಡಿದಳು: ಅದೇ ಮಾತ್ರೆ, ಅದೇ ಪ್ರಮಾಣ. "ಹೊಸ ಮಾತ್ರೆ ಏನಾದ್ರೂ? ಗಡಿಯಾಚೆಯಿಂದ ತಂದಿದ್ದು? ಶೀತಕ್ಕೆ, ನಿದ್ದೆಗೆ?"

"ಏನೂ ಇಲ್ಲ."

"ಗ್ರೇಪ್‌ಫ್ರೂಟ್?"

ಅನ್ಸೆಲ್ಮೊಗೆ ಸಿಟ್ಟು ಬಂತು. "ಆರು ವರ್ಷದಿಂದ ನಮ್ಮನೆ ಹೊಸ್ತಿಲು ದಾಟಿಲ್ಲ. ಬೇಕಾದ್ರೆ ಬಂದು ನೋಡು."

"ಆಯ್ತಪ್ಪ ದೋನ್ ಅನ್ಸೆಲ್ಮೊ. ಮಾತ್ರೆ ಯಾವುದ್ರ ಜೊತೆ ನುಂಗ್ತಾರೆ? ನೀರಾ, ಕಾಫೀನಾ?"

"ಕಿತ್ತಳೆ ರಸ. ಕಿತ್ತಳೆ! ನಮ್ ಹಿತ್ಲದ್ದೇ, ಅಂಗಡೀದಲ್ಲ."

ಮರಿಬೆಲ್ ಏನನ್ನೋ ಬರೆಯುತ್ತಿದ್ದವಳು ಪೆನ್ನು ನಿಲ್ಲಿಸಿದಳು. "ಯಾವ ಕಿತ್ತಳೆ?"

"ಬುಡದಿಂದ ಚಿಗುರಿದ್ದು. ಹುಳಿ ಕಿತ್ತಳೆ."

ಮರಿಬೆಲ್ ಪೆನ್ನು ಕೆಳಗಿಟ್ಟಳು.

"ದಿನಾ ಎಷ್ಟು?" ಎಂದು ಮರಿಬೆಲ್ ಮೆಲ್ಲಗೆ ಕೇಳಿದಳು.

"ಮೊದ್ಲು ಒಂದು ಲೋಟ. ಆಮೇಲೆ ತಲೆ ತಿರುಗ್ತು ಅಂದ್ಲು, ಎರಡು ಮಾಡ್ದೆ. ನಿನ್ನೆ ಮೂರು." ಹೇಳುತ್ತ ಹೇಳುತ್ತ ಅನ್ಸೆಲ್ಮೊನ ದನಿ ಇಳಿಯಿತು. ಎದುರಿನವಳ ಮುಖದಲ್ಲಿ ಏನೋ ಕಂಡಿತ್ತು ಅವನಿಗೆ. "ಯಾಕೆ?"

"ಕೂತ್ಕೊಳ್ಳಿ. ಇಬ್ರೂ ಕೇಳಿ. ನಾವು ಈ ಮಾತ್ರೆ ನುಂಗಿದ್ರೆ ಪೂರ್ತಿ ರಕ್ತಕ್ಕೆ ಹೋಗಲ್ಲ. ಕರುಳಲ್ಲೇ ಅದರ ಬಹುಪಾಲು ಪುಡಿಯಾಗಿ ಹೋಗುತ್ತೆ. ಡಾಕ್ಟರು ಆ ಅಂದಾಜು ಹಿಡ್ದೇ ಇಷ್ಟು ಅಂತ ಬರೆಯೋದು. ಗ್ರೇಪ್‌ಫ್ರೂಟಲ್ಲಿ ಇರೋ ಒಂದು ಪದಾರ್ಥ ಆ ಪುಡಿಮಾಡೋ ಕೆಲಸಾನೇ ನಿಲ್ಲಿಸಿಬಿಡುತ್ತೆ. ಒಂದು ಮಾತ್ರೆ ನುಂಗಿದ್ರೆ ಎರಡು ನುಂಗಿದಂಗೆ, ಕೆಲವ್ರಿಗೆ ಇನ್ನೂ ಜಾಸ್ತಿ. ಅದೇ ಪದಾರ್ಥ ಹುಳಿ ಕಿತ್ತಳೇಲೂ ಇದೆ. ಚಕ್ಕೋತದಲ್ಲೂ ಇದೆ. ಸಿಹಿ ಕಿತ್ತಳೇಲಿಲ್ಲ, ಅದನ್ನ ತಿನ್ಬೋದು."

"ಚೀಟೀಲಿ ಕಿತ್ತಳೆ ಅಂತ ಬರ್ದಿಲ್ವಲ್ಲ," ಎಂದ ಅನ್ಸೆಲ್ಮೊ. ವಾದ ಮಾಡುತ್ತಿರಲಿಲ್ಲ, ಹಿಡಿದುಕೊಳ್ಳಲು ಏನಾದರೂ ಹುಡುಕುತ್ತಿದ್ದ.

"ಬರ್ದಿಲ್ಲ. ನಾನಾದ್ರೂ ಬಾಯಲ್ಲಿ ಹೇಳ್ಬೇಕಿತ್ತು. ಹಿಮ ಬಿದ್ದ ಮೇಲೆ ಎಷ್ಟು ಮನೆ ಹಿತ್ಲಲ್ಲಿ ಬುಡ ಚಿಗುರಿದೆ ಅಂತ ದಿನಾ ನೋಡ್ತಿದ್ದೀನಿ. ಹೊಳೀಲೇ ಇಲ್ಲ ನಂಗೆ."

"ಅದಕ್ಕೇ ಬೆಳಿಗ್ಗೆ ಬಸ್ಸಲ್ಲಿ..." ಎಂದಳು ಎರ್ಲಿಂದಾ.

"ಐದೂಕಾಲಿಗೆ ನುಂಗಿದ್ದು ಏಳು, ಏಳೂವರೆಗೆ ಜೋರಾಗಿರುತ್ತೆ. ಹೌದು."

ಅನ್ಸೆಲ್ಮೊ ಎದ್ದು ಅಂಗಡಿಯ ಮೂಲೆಗೆ ಹೋಗಿ ಗೋಡೆಗೆ ಮುಖಮಾಡಿ ನಿಂತ. ಎರ್ಲಿಂದಾ ಅವನನ್ನು ಕರೆಯಲಿಲ್ಲ.

"ಇವತ್ತಿಂದ ಕುಡೀದಿದ್ರೆ ಆಯ್ತಾ?" ಎಂದು ಮರಿಬೆಲ್‌ಳನ್ನು ಕೇಳಿದಳು.

"ಕುಡ್ದಿದ್ದು ಎರಡು ಮೂರು ದಿನ ಇರುತ್ತೆ. ಮಾತ್ರೆ ಬೆಳಿಗ್ಗೆ, ರಸ ಸಂಜೆ ಅಂತ ಮಾಡಿದ್ರೂ ಪ್ರಯೋಜನ ಇಲ್ಲ. ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ, ಡಾಕ್ಟರಿಗೆ ಈಗ್ಲೇ ಫೋನ್ ಮಾಡ್ತೀನಿ." ಮಾಡಿದಳು ಕೂಡ. ಡಾಕ್ಟರು, ಎರ್ಲಿಂದಾ ಅವತ್ತೇ ಆಸ್ಪತ್ರೆಗೆ ಬಂದು ಸಂಜೆಯವರೆಗೆ ಅಲ್ಲೇ ಮಲಗಬೇಕು, ಮಾತ್ರೆಯ ಮಾತು ಆಮೇಲೆ ಎಂದರು. ಫೋನು ಇಟ್ಟ ಮೇಲೆ ಮರಿಬೆಲ್, "ದೋನ್ ಅನ್ಸೆಲ್ಮೊ," ಎಂದು ಕರೆದಳು. "ಆ ಹಣ್ಣನ್ನ ಬೇರೆ ಯಾರಿಗಾದ್ರೂ ಕೊಟ್ಟಿದ್ದೀರಾ?"

ಅವನು ತಿರುಗಿದ. ಮುಖದಲ್ಲಿ ರಕ್ತವಿರಲಿಲ್ಲ.

"ಬೀದಿಗೆಲ್ಲ," ಎಂದ.

ಎರ್ಲಿಂದಾಳನ್ನು ಆಸ್ಪತ್ರೆಯಲ್ಲಿ ಮಲಗಿಸಿ ಹೋಗುತ್ತೇನೆಂದರೆ ಅವಳು ಒಪ್ಪಲಿಲ್ಲ. "ದಾರೀಲೇ ಇದೆ ಬೀದಿ. ನಾನು ಗಾಡೀಲಿ ಕೂತಿರ್ತೀನಿ. ಮೊದ್ಲು ಅವ್ರಿಗೆ ಹೇಳು." ಅವರ ಬೀದಿಯಲ್ಲಿ ಅವರದೂ ಸೇರಿ ಒಂಬತ್ತು ಮನೆ, ಎಲ್ಲ ವಯಸ್ಸಾದವರು. ಮಾತ್ರೆಯ ಡಬ್ಬಿಯಿಲ್ಲದ ಮನೆ ಒಂದೂ ಇರಲಿಲ್ಲ. ಅವಳು ಕಿಟಕಿಯ ಗಾಜಿಳಿಸಿ ಕೂತು ನೋಡಿದಳು: ಅವಳ ಗಂಡ ಒಂದೊಂದು ಬಾಗಿಲನ್ನೂ ಬಡಿಯುತ್ತಿದ್ದಾನೆ, ಟೋಪಿ ಬಿದ್ದದ್ದು ಗೊತ್ತಿಲ್ಲ, ಒಂದು ಕಾಲಿನ ಬೂಟಿನ ದಾರ ಬಿಚ್ಚಿಕೊಂಡಿದೆ.

ಮೂರನೆಯ ಮನೆಯ ದೋನ್ಯಾ ಚೊಲೆ ಬಾಗಿಲಲ್ಲೇ ಹಿಡಿದುಕೊಂಡಳು. "ಯಾಕಪ್ಪಾ ಹೀಗೆ ಬಡೀತೀಯ, ಪೊಲೀಸ್ನೋರ ಥರ?"

"ಹಣ್ಣು! ನಾನು ಕೊಟ್ಟ ಹಣ್ಣು ತಿಂದ್ಯಾ? ಏನು ಮಾತ್ರೆ ತಗೋತೀಯ ನೀನು?"

"ನನ್ ಮಾತ್ರೆ ಕಟ್ಕೊಂಡು ನಿನಗೇನಾಗ್ಬೇಕು? ಹಂದಿ ಮಾಂಸಕ್ಕೆ ಹಿಂಡಿ ನೆನೆಹಾಕ್ದೆ ಒಂದ್ಸಲ. ಚೆನ್ನಾಗಿತ್ತು. ಯಾಕೆ, ವಾಪಸ್ ಬೇಕಾ?"

"ಮರಿಬೆಲ್‌ಗೆ ಫೋನ್ ಮಾಡು. ನಿನ್ ಮಾತ್ರೆ ಹೆಸ್ರು ಹೇಳು. ಅವ್ಳು ಹೂಂ ಅನ್ನೋವರ್ಗೆ ಇನ್ನೊಂದು ಮುಟ್ಬೇಡ."

ಏಳು ಮನೆ ಹೀಗಾಯಿತು. ಎಂಟನೆಯದು ದೋನ್ ಕ್ರಿಸೋಫೊರೊನದು. ಎಂಬತ್ತೊಂದು ವರ್ಷ, ಒಂಟಿ, ಕೊಲೆಸ್ಟರಾಲಿಗೂ ಎದೆಗೂ ಸೇರಿ ಏಳು ಮಾತ್ರೆ. ಆ ಏಳರ ಲೆಕ್ಕವನ್ನು ಹೋಗಿಬರುವವರಿಗೆಲ್ಲ ಹೇಳಿಕೊಂಡು ಜಂಬಪಡುವ ಮುದುಕ. ಅನ್ಸೆಲ್ಮೊ ಅವನಿಗೆ ಎರಡು ಚೀಲ ಕೊಟ್ಟಿದ್ದ.

ಬಾಗಿಲು ಬಡಿದ. ಉತ್ತರವಿಲ್ಲ. ಮತ್ತೆ ಬಡಿದ. ಮುದುಕನ ಕಾರು ಅಲ್ಲೇ ನಿಂತಿತ್ತು. ಪರದೆ ಎಳೆದಿತ್ತು. ಬೆಳಗಿನ ಪೇಪರು ಮೆಟ್ಟಿಲ ಮೇಲೆ ಮಡಿಚಿದ್ದಂತೆಯೇ ಬಿದ್ದಿತ್ತು.

ಅನ್ಸೆಲ್ಮೊ ತಿರುಗಿ ಹೆಂಡತಿಯ ಕಡೆ ನೋಡಿದ. ಆ ನೋಟವನ್ನು ಎರ್ಲಿಂದಾ ಮುಂದೆ ಎಂದೂ ಮರೆಯಲಿಲ್ಲ. ಕಾಲುವೆಯ ಅಂಚಿನಲ್ಲಿ ಕೂತಾಗ ತನ್ನ ಮುಖವೂ ಹೀಗೇ ಇದ್ದಿರಬೇಕು ಎಂದುಕೊಂಡಳು. ಕೈಮೀರಿ ಏನೋ ಆಗಿಹೋಗಿದೆ, ಮಾಡಿದವನು ನಾನೇ, ಬಾಗಿಲು ತೆಗೆದು ನೋಡುವವರೆಗೆ ಮಾತ್ರ ಅದು ನಿಜವಲ್ಲ. ಅವಳು ಗಾಡಿಯ ಬಾಗಿಲು ತೆಗೆದು ಇಳಿದಳು. ಬೇಲಿ ಹಿಡಿದು, ಒಂದೊಂದೇ ಹೆಜ್ಜೆ, ಮನೆಯ ಪಕ್ಕದ ಓಣಿಯಲ್ಲಿ ನಡೆದಳು. ಅನ್ಸೆಲ್ಮೊ ಓಡಿಬಂದು ಅವಳ ತೋಳು ಹಿಡಿದುಕೊಂಡ. ಯಾರು ಯಾರನ್ನು ಹಿಡಿದುಕೊಂಡಿದ್ದರೋ.

ಹಿತ್ತಲಲ್ಲಿ ದೋನ್ ಕ್ರಿಸೋಫೊರೊ ಕುರ್ಚಿಯಲ್ಲಿ ಕೂತಿದ್ದ. ತಲೆ ಎದೆಯ ಮೇಲೆ ಬಾಗಿತ್ತು. ಕೈ ಜೋತುಬಿದ್ದಿತ್ತು. ಹುಲ್ಲಿನ ಮೇಲಿದ್ದ ರೇಡಿಯೊ ತನ್ನಷ್ಟಕ್ಕೆ ಹಾಡುತ್ತಿತ್ತು.

"ದೋನ್ ಕ್ರಿಸೋಫೊರೊ," ಎಂದ ಅನ್ಸೆಲ್ಮೊ. ಹತ್ತಿರ ಹೋಗಿ ಭುಜ ಮುಟ್ಟಿದ.

"ಯಾವನೋ ಅವ್ನು!" ಮುದುಕ ಬೆಚ್ಚಿ ಎದ್ದು ಕೈಗೋಲು ಬೀಸಿದ. ಅನ್ಸೆಲ್ಮೊ ಮಂಡಿಯೂರಿ ಹುಲ್ಲಿನ ಮೇಲೆ ಕುಸಿದ. "ಕಣ್ಣು ಮುಚ್ಚೋಕೂ ಬಿಡಲ್ವಲ್ಲ ಈ ಬೀದೀಲಿ! ಏನ್ ಬೇಕು?"

"ಹಣ್ಣು... ಕಿತ್ತಳೆ ತಿಂದ್ರಾ ನೀವು?"

"ಆ ಹಣ್ಣಾ? ಥೂ! ಅದನ್ನ ಹಣ್ಣು ಅಂತಾರೇನೋ? ಒಂದು ತುಂಡು ಬಾಯಿಗಿಟ್ಟೆ, ನನ್ ಕಟ್ಟಿಸಿದ ಹಲ್ಲೂ ಕಿತ್ತು ಬರೋದ್ರಲ್ಲಿತ್ತು. ಮೇಕೆಗೆ ಹಾಕ್ದೆ. ಮೇಕೇನೂ ಮೂಸಿ ಬಿಡ್ತು. ನಿನ್ನ ಮುಖಕ್ಕೆ ಬೇಜಾರಾಗ್ಬಾರ್ದು ಅಂತ ಸುಮ್ನಿದ್ದೆ."

ಅನ್ಸೆಲ್ಮೊ ನಗಲು ಹೋದ, ಆಗಲಿಲ್ಲ. ಹುಲ್ಲಿನ ಮೇಲೆಯೇ ಕೂತು ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. ಮುದುಕ ಅವನನ್ನೂ ಎರ್ಲಿಂದಾಳನ್ನೂ ಬದಲಿಸಿ ಬದಲಿಸಿ ನೋಡಿ, ಕೊನೆಗೆ ತನ್ನ ಕುರ್ಚಿಯನ್ನು ಅವಳ ಕಡೆ ತಳ್ಳಿದ. "ಕೂತ್ಕೋ ಮಗಳೇ. ನಿನ್ ಗಂಡನ್ನ ಮೊದ್ಲು ಡಾಕ್ಟರಿಗೆ ತೋರ್ಸು."

ಸೋಮವಾರದ ಹೊತ್ತಿಗೆ ಎರ್ಲಿಂದಾಳ ಒತ್ತಡ ನೂರಿಪ್ಪತ್ತಕ್ಕೆ ಬಂತು. ಪಾದದ ಊತ ಇಳಿಯಿತು. ಎದೆಗೆ ಕಟ್ಟಿದ ಯಂತ್ರ ಎರಡು ವಾರ ಏನನ್ನೂ ಹಿಡಿಯಲಿಲ್ಲ. ಡಾಕ್ಟರು ಹಣ್ಣಿನ ತಂಟೆಯಿಲ್ಲದ ಬೇರೆ ಮಾತ್ರೆಗೆ ಬದಲಿಸಿದರು. ಶಾಲೆಗೊಂದು ಪತ್ರವನ್ನೂ ಬರೆದುಕೊಟ್ಟರು: ಕಾರಣ ಗೊತ್ತಾಗಿದೆ, ಕೆಲಸದ ಮೇಲಿದ್ದಾಗ ಒಮ್ಮೆ ಮಾತ್ರ ನಡೆದ ಘಟನೆ, ಅಂದಿನಿಂದ ಎರಡು ತಿಂಗಳು ಗಮನಿಸಿ ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬಹುದು.

ಒಮ್ಮೆ ಮಾತ್ರ. ಪತ್ರ ಮಡಿಸಿ ಕೈಚೀಲದಲ್ಲಿಟ್ಟಳು. ಅನ್ಸೆಲ್ಮೊ ಸಂಭ್ರಮಪಟ್ಟ. "ಆಯ್ತಲ್ಲ! ಹೃದಯ ಗಟ್ಟಿ ಇದೆ, ಎಲ್ಲ ನನ್ ತಪ್ಪು. ನಿನ್ ತಪ್ಪು ಏನೂ ಇಲ್ಲ ಅಂತ ಬರ್ದಿದ್ದಾರೆ."

ಅವನಿಗೆ ರೈಲು ಹಳಿಯ ಮಾತು ಗೊತ್ತಿರಲಿಲ್ಲ. ಅವಳು ಮೂರು ರಾತ್ರಿ ನಿದ್ದೆ ಮಾಡಲಿಲ್ಲ. ಕಣ್ಣು ಮುಚ್ಚಿದರೆ ಬಲಗಡೆಯ ಕನ್ನಡಿ, ಕನ್ನಡಿಯಲ್ಲಿ ನೀರು. ಈಗ ಸಾವಿನ ಭಯವಿರಲಿಲ್ಲ, ಬೇರೆಯದಿತ್ತು. ಹಣ್ಣಿನ ವಿಷಯ ಅವಳಿಗೆ ತಿಳಿದಿರಲಿಲ್ಲ, ಸರಿ. ಆದರೆ ಕಣ್ಣು ಬೆಳ್ಳಗಾಗುವುದು ತಿಳಿದಿತ್ತು. ತಿಳಿದೂ ಆ ಬೆಳಿಗ್ಗೆ ಮೂವತ್ತೊಂದು ಮಕ್ಕಳನ್ನು ಹತ್ತಿಸಿಕೊಂಡಿದ್ದಳು.

ನಾಲ್ಕನೆಯ ದಿನ ಬಸ್ಸುಗಳೆಲ್ಲ ಹೊರಟುಹೋದ ಹೊತ್ತು ನೋಡಿ ಲೊಂಗೋರಿಯಾನ ಕೋಣೆಗೆ ಹೋದಳು. ಅವನು ಎದ್ದು ಕುರ್ಚಿ ಕೊಟ್ಟ. "ಬಂದ್ಯಾ! ಪತ್ರ ತಂದ್ಯಾ? ಮಾರ್ಚ್ ಕೊನೇಲಿ ನಿನ್ ಬಸ್ಸು ನಿನಗೇ. ಆ ಯಾರೆತ್ಸಿ ದಿನಾ ಬಂದು ನನ್ ತಲೆ ತಿಂತಾಳೆ, ಮಿಸ್ ಲಿಂಡಾ ಎಲ್ಲಿ ಅಂತ."

"ಸಾರ್, ಪತ್ರದಲ್ಲಿ ಒಂದು ಸಲ ಅಂತಿದೆ. ಅದು ಸುಳ್ಳು."

"ಅಂದ್ರೆ?"

"ಮೂರು ಸಲ ಆಗಿತ್ತು. ಮೊದಲ್ನೇದು ಹಳಿ ಹತ್ರ, ಮಕ್ಕಳು ಒಳಗಿದ್ರು. ಎರಡನೇದು ನೀವೇ ನೋಡಿದ್ರಿ, ಮೆಟ್ಲು ಹತ್ರ. ಚಪ್ಪಲಿ ಜಾರಿದ್ದಲ್ಲ ಅದು."

ಲೊಂಗೋರಿಯಾ ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿದ. ಕಿಟಕಿಯಾಚೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು.

"ಯಾಕೆ ಹೇಳ್ದೆ ಈಗ? ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ನನಗೆ ಗೊತ್ತಿತ್ತಲ್ಲ ಸಾರ್."

"ಹತ್ತೊಂಬತ್ತು ವರ್ಷ ಎರ್ಲಿಂದಾ. ಒಂದು ಗೀರು ಬಿದ್ದಿಲ್ಲ ನಿನ್ ಬಸ್ಸಿಗೆ." ಅವನ ದನಿ ಗಡುಸಾಯಿತು. "ನನ್ ಮೊಮ್ಮಗನೂ ಇದ್ದ ಆ ಬಸ್ಸಲ್ಲಿ. ಗೊತ್ತು ತಾನೇ?"

"ಗೊತ್ತು ಸಾರ್."

ಅವನು ಡ್ರಾಯರು ಎಳೆದು ಒಂದು ಕಾಗದ ತೆಗೆದ. ನಡೆದದ್ದನ್ನು ತಾರೀಕಿನೊಂದಿಗೆ ಬರೆಯಲು ಹೇಳಿದ. ಅವಳು ಬರೆದಳು, ಹಳಿ, ಮೆಟ್ಟಿಲು, ಕಾಲುವೆ. ಆಸ್ಪತ್ರೆಯಲ್ಲಿ ಆಡಿದ 'ಇದೇ ಮೊದಲು' ಎಂಬ ಮಾತನ್ನೂ ಬರೆದು ಸಹಿ ಹಾಕಿದಳು. ಆ ವರ್ಷ ಅವಳಿಗೆ ಬಸ್ಸು ಸಿಗಲಿಲ್ಲ. ಮುಂದಿನ ವರ್ಷದ ಮಾತನ್ನು ಮೇಲಿನವರು ಕೂತು ತೀರ್ಮಾನಿಸುತ್ತಾರೆ, ಭರವಸೆ ಇಟ್ಟುಕೊಳ್ಳಬೇಡ ಎಂದ ಲೊಂಗೋರಿಯಾ. ಅಲ್ಲಿಯವರೆಗೆ ಶಾಲೆಯ ಊಟದ ಮನೆಯಲ್ಲಿ ತಟ್ಟೆ ಕೊಡುವ ಕೆಲಸ ಇದೆ, ಬೇಕಾದರೆ ಮಾಡು ಎಂದ.

ಮಾಡುತ್ತೇನೆ ಎಂದಳು.

ಮೊದಲ ದಿನ ಬಿಳಿ ಟೋಪಿ ಹಾಕಿಕೊಂಡು ಕಟ್ಟೆಯ ಹಿಂದೆ ನಿಂತಳು. ಮಕ್ಕಳ ಸಾಲು ಬಾಗಿಲಿನಿಂದ ಒಳಕ್ಕೆ ಬರುತ್ತಿತ್ತು, ಒಬ್ಬೊಬ್ಬರೇ ಅವಳನ್ನು ಗುರುತಿಸಿ ಪಿಸುಗುಟ್ಟುತ್ತಿದ್ದರು. ತಟ್ಟೆ ಕೊಡುವಾಗ ಒಂದೊಂದು ಮುಖವನ್ನೂ ಅವಳು ನೋಡಿದಳು. ಬಸ್ಸಿನಲ್ಲಿ ಅವರನ್ನು ಯಾವಾಗಲೂ ಕನ್ನಡಿಯಲ್ಲಿ ನೋಡಿದ್ದವಳು, ಇಷ್ಟು ಎದುರಿನಿಂದ ನೋಡಿರಲಿಲ್ಲ. ತನ್ನ ಬಸ್ಸಿನ ಮೂವತ್ತೊಂದನೆಯ ಮುಖ ದಾಟುವವರೆಗೆ ಮನಸ್ಸಿನಲ್ಲೇ ಎಣಿಸುತ್ತ ನಿಂತಿದ್ದಳು.